ಎರಡನೇ ಕಂಬ

ಭಾನುವಾರ ಬೆಳಗ್ಗೆ ಸಣ್ಣ ಕೋಣೆಯಲ್ಲಿ ಹೆಂಡತಿ ಮೇಜಿನ ದೀಪ ಹಾಕಿದ ಸದ್ದು ಕೇಳಿದಾಗ ಅವನು ಪತ್ರಿಕೆಯ ಒಂದೇ ಸಾಲನ್ನು ಮೂರನೇ ಸಲ ಓದುತ್ತಿದ್ದ. ಸಾಲಿನಲ್ಲಿ ಏನಿತ್ತೋ ತಲೆಗೆ ಹತ್ತಲಿಲ್ಲ. ಆ ದೀಪದ ಕೆಳಗೆ ಬಿಳಿ ತಟ್ಟೆಯಲ್ಲಿ ಸ್ಕೂಟರಿನ ಕಾರ್ಬ್ಯುರೇಟರು ಬೋರಲು ಬಿದ್ದಿದೆ, ಪಕ್ಕದಲ್ಲಿ ಅದರಿಂದ ಮುರಿದುಬಂದ ಹಾಲುಹಲ್ಲಿನಷ್ಟು ದೊಡ್ಡ ಲೋಹದ ಚೂರು ಇದೆ, ಇನ್ನು ಅವಳು ಭೂತಗನ್ನಡಿ ಹಿಡಿದು ಆ ಚೂರನ್ನು ನೋಡುತ್ತಾಳೆ, ನೋಡಿದರೆ ಗೊತ್ತಾಗುತ್ತದೆ. ನಿನ್ನೆ ಸಂಜೆ ಅವಳು ಮನೆಗೆ ಬಂದಾಗ ಅವನು ಬಾಗಿಲಲ್ಲೇ ಹೇಳಿಬಿಟ್ಟಿದ್ದ, ಹಳೇ ಗಾಡಿ ಅಲ್ವಾ, ಬಿಚ್ಚಿ ನೋಡಿದೆ, ಒಳಗೆ ಒಂದು ಕಂಬ ಸವೆದು ಮುರಿದುಹೋಗಿದೆ ಅಂತ. ಅವಳು ಚೀಲ ಇಳಿಸುತ್ತ, "ಹೌದಾ," ಅಂದಿದ್ದಳು. "ನಾಳೆ ಬೆಳಕಲ್ಲಿ ನೋಡ್ತೀನಿ." ಬೈದಿದ್ದರೆ ಒಳ್ಳೆಯದಿತ್ತು.

ಅವಳ ಕಸುಬು ಹಲ್ಲು ಕಟ್ಟುವುದು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಈ ಕೋಣೆಯಲ್ಲಿ ಕೂತು ಮೇಣ, ಅಚ್ಚು ಎರೆಯುವ ಬಿಳಿ ಗಾರೆ, ತಂತಿ ಇಟ್ಟುಕೊಂಡು ಹಲ್ಲಿನ ಸೆಟ್ಟು ಮಾಡಿ, ಸ್ಕೂಟರಿನಲ್ಲಿ ಹೋಗಿ ಕೊಟ್ಟುಬರುತ್ತಾಳೆ. ಸೋಮವಾರ ಒಂಬತ್ತು ಗಂಟೆಗೆ ಊರಿನ ಇನ್ನೊಂದು ತುದಿಯ ಕ್ಲಿನಿಕ್ಕಿಗೆ ಒಂದು ಪೂರಾ ಸೆಟ್ಟು ತಲುಪಬೇಕಿತ್ತು. ಅದು ನಿವೃತ್ತ ಹೆಡ್‌ಮಿಸ್ಸೊಬ್ಬರದು. ಆಕೆ ಹಲ್ಲಿಲ್ಲದ ಬಾಯಿಯನ್ನು ಹಳೇ ವಿದ್ಯಾರ್ಥಿಗಳು ನೋಡಿಬಿಟ್ಟಾರೆಂದು ಮೂರು ವಾರದಿಂದ ಹೊಸ್ತಿಲು ದಾಟಿರಲಿಲ್ಲವಂತೆ. ಸ್ಕೂಟರೋ, ಒಂದು ವಾರದಿಂದ ನಿಂತಲ್ಲೇ ಪೆಟ್ರೋಲು ತೊಟ್ಟಿಕ್ಕಿಸುತ್ತಿತ್ತು. ಕಂಪನಿ ಆ ಮಾಡೆಲನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಬಿಡಿಭಾಗದ ಅಂಗಡಿಯವನು ಎಲ್ಲಿಂದಲೋ ತರಿಸಿಕೊಡುತ್ತೇನೆಂದು ಹೇಳಿದ ಬೆಲೆ ಕೇಳಿ ಅವಳು ನಕ್ಕು, ಅಷ್ಟು ದುಡ್ಡಿಗೆ ಇಬ್ಬರಿಗೆ ಬಾಯಿತುಂಬ ಹಲ್ಲು ಬರುತ್ತೆ ಅಂದಿದ್ದಳು. ಮೆಕ್ಯಾನಿಕ್ಕು ಬೇರೆ, ಇವನು ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಾಗ, ಸ್ವಲ್ಪ ಬೆಳಕು ಬಿಡಿ ಸಾರ್, ಇದು ನಿಮ್ಮ ಕೈಲಾಗೋ ಕೆಲಸ ಅಲ್ಲ ಅಂದುಬಿಟ್ಟಿದ್ದ. ಹೇಳಿದ್ದು ನಿಜವೇ ಆಗಿತ್ತು, ಅದಕ್ಕೇ ಅದು ಒಂದು ವಾರ ಒಳಗೇ ಕೊರೆಯುತ್ತಿತ್ತು. ಶನಿವಾರ ಮಧ್ಯಾಹ್ನ ಹೆಂಡತಿ ಗಾರೆಪುಡಿ ತರಲು ನಡೆದೇ ಹೋದಾಗ, ಜೀವಮಾನದಲ್ಲಿ ಒಂದು ವಸ್ತುವನ್ನಾದರೂ ತನ್ನ ಕೈಯಾರೆ ಸರಿಮಾಡಿ ಅವಳ ಮುಂದಿಡಬೇಕೆಂದು ಅವನು ಸ್ಪ್ಯಾನರು ಹಿಡಿದ.

ಬಿಚ್ಚುವವರೆಗೆ ಎಲ್ಲ ಸುಸೂತ್ರವಾಗಿತ್ತು. ಕೆಳಗಿನ ಬಟ್ಟಲು ತೆಗೆದರೆ ಒಳಗೆ ಎರಡು ಪುಟಾಣಿ ಕಂಬಗಳು ಎದುರುಬದುರು ನಿಂತಿದ್ದವು, ಎರಡರ ನೆತ್ತಿಯಲ್ಲೂ ತೂತು, ತೂತಿನಲ್ಲಿ ತೂರಿಸಿದ ಒಂದು ಕಡ್ಡಿ, ಆ ಕಡ್ಡಿಗೆ ಜೋತುಬಿದ್ದ ತೇಲುಬುರುಡೆ. ಪೆಟ್ರೋಲು ತುಂಬಿದಂತೆ ಬುರುಡೆ ಮೇಲೆದ್ದು ಒಂದು ಮುಳ್ಳನ್ನು ಒತ್ತಿ ದಾರಿ ಮುಚ್ಚುತ್ತದೆ, ಇಳಿದರೆ ತೆರೆಯುತ್ತದೆ, ಇಷ್ಟೇ. ಎಷ್ಟು ಜಾಣತನದ ಏರ್ಪಾಡು ಅಂತ ಅವನು ಐದು ನಿಮಿಷ ಖುಷಿಯಿಂದ ನೋಡುತ್ತ ಕೂತಿದ್ದ. ಆಮೇಲೆ ಕಡ್ಡಿ ಬಿಗಿದುಕೊಂಡಿದೆ ಅಂತ ಒಂದು ಮೊಳೆ ಇಟ್ಟು ಸುತ್ತಿಗೆಯಿಂದ ಎಡಗಡೆಯಿಂದ ಹೊಡೆದ. ಮೊದಲ ಪೆಟ್ಟಿಗೆ ಮೊಳೆ ಜಾರಿ ಎಡಗಂಬದ ನೆತ್ತಿಗೇ ಬಡಿಯಿತು. ಎರಡನೆಯದಕ್ಕೂ ಕಡ್ಡಿ ಜಗ್ಗಲಿಲ್ಲ. ತಿರುಗಿಸಿಕೊಂಡು ಬಲಗಡೆಯಿಂದ ಹೊಡೆದ. ಆ ಕಡ್ಡಿಯ ಬಲತುದಿ ಎಡತುದಿಗಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪ, ಅದು ಒಂದೇ ದಿಕ್ಕಿಗೆ ಬರುವಂಥದ್ದು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ನಾಲ್ಕನೇ ಪೆಟ್ಟಿಗೆ ಬಲಗಂಬ ಟಿಕ್ಕೆಂದು ಮುರಿದು ನೆಲದ ಮೇಲೆ ಉರುಳಿತು. ಅಷ್ಟು ಸಣ್ಣ ಸದ್ದು. ಒಳಗಿನ ಕೋಣೆಯಿಂದ ಅಮ್ಮ, "ಏನೋ ಅದು?" ಅಂದಳು. "ಏನಿಲ್ಲಮ್ಮ," ಅಂದ. ಏನಿಲ್ಲ ಅನ್ನುವುದು ಅವನ ಬಾಯಿಗೆ ಸರಾಗವಾಗಿ ಬರುತ್ತಿತ್ತು, ಅದಕ್ಕೇ ಸಂಬಳ ಬರುತ್ತಿತ್ತು ಅಂದರೂ ತಪ್ಪಲ್ಲ. ನೀರು ಸರಬರಾಜು ಕಚೇರಿಯ ಉಗ್ರಾಣದಲ್ಲಿ ಕೆಟ್ಟ ಪಂಪು, ಒಡೆದ ಕವಾಟ, ಸೊಟ್ಟಗಾದ ಪೈಪುಗಳನ್ನು ಪರೀಕ್ಷಿಸಿ ಗುಜರಿಗೆ ಹಾಕುವ ಕಾಗದ ಬರೆಯುವುದು ಅವನ ಕೆಲಸ. ಬೆನ್ನ ಹಿಂದೆ ಅವನನ್ನು ಗುಜರಿ ಸಾಹೇಬರು ಅನ್ನುತ್ತಿದ್ದರು, ಈಚೆಗೆ ಮುಂದೆಯೂ ಅನ್ನುತ್ತಿದ್ದರು. ಕಾಗದದಲ್ಲಿ 'ಹಾನಿಗೆ ಕಾರಣ' ಅಂತ ಒಂದು ಅಂಕಣ. ಹತ್ತೊಂಬತ್ತು ವರ್ಷದಿಂದ ಅವನು ಅದರಲ್ಲಿ 'ದೀರ್ಘ ಬಳಕೆ' ಅಂತಲೇ ಬರೆದಿದ್ದ. ಒಮ್ಮೆ ಲಾರಿ ಡ್ರೈವರೊಬ್ಬ ಹೊಚ್ಚಹೊಸ ಪಂಪಿನ ಮೇಲೆ ಗಾಲಿ ಹತ್ತಿಸಿ ತಂದು ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ಟೈರಿನ ಗುರುತು ಲೋಹದ ಮೇಲೆ ಅಚ್ಚೊತ್ತಿದಂತೆ ಕಾಣುತ್ತಿತ್ತು. ಅದಕ್ಕೂ ದೀರ್ಘ ಬಳಕೆಯೇ. ಡ್ರೈವರು ಕೈಮುಗಿದು ಹೋದ. ಎಲ್ಲರಿಗೂ ಅವನು ಬೇಕಾದವನು. ಯಾರಿಗೂ ಅವನ ಮೇಲೆ ಗೌರವವಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು.

"ರೀ, ಬನ್ನಿ ಇಲ್ಲಿ."

ಹೋದರೆ ಅವಳು ಭೂತಗನ್ನಡಿಯಿಂದ ಕಣ್ಣೆತ್ತದೆ, "ಆ ಕಿಟಕಿ ಪೂರ್ತಿ ತೆಗೀರಿ, ಪೆಟ್ರೋಲ್ ವಾಸನೆ," ಅಂದಳು. ಅಷ್ಟೇ. ಕಿಟಕಿ ತೆಗೆದು ಅವನು ಅಲ್ಲೇ ಗೋಡೆಗೊರಗಿ ನಿಂತ. ಕಿಟಕಿಕಟ್ಟೆಯ ಮೇಲೆ ಊರಿನವರ ದವಡೆಗಳು ಗಾರೆಯಲ್ಲಿ ಸಾಲಾಗಿ ಕೂತಿದ್ದವು, ಪ್ರತಿಯೊಂದರ ಬುಡದಲ್ಲೂ ಪೆನ್ಸಿಲಿನಲ್ಲಿ ಅವಳ ಇರುವೆಸಾಲಿನಂಥ ಅಕ್ಷರ: ಯಾರದು, ಯಾವ ದಿನ, ರಿಪೇರಿಗೆ ಬಂದದ್ದಾದರೆ ಹೇಗೆ ಮುರಿಯಿತು. ಮದುವೆಯಾದ ಹೊಸದರಲ್ಲಿ ಅವನು ಕೇಳಿದ್ದ, ಹೇಗೆ ಮುರಿದರೆ ನಿನಗೇನು, ಅಂಟಿಸಿದರಾಯಿತಲ್ಲ ಅಂತ. ಕಚ್ಚಿ ಮುರಿದದ್ದಕ್ಕೆ ಒಂದು ಥರ ರಿಪೇರಿ, ಬಿದ್ದು ಮುರಿದದ್ದಕ್ಕೆ ಒಂದು ಥರ ಅಂದಿದ್ದಳು. ಒಬ್ಬ ಅಂಚೆಯವನು ಸೆಟ್ಟು ತೊಳೆಯುವಾಗ ಕೈಜಾರಿತು ಅಂತ ತಂದುಕೊಟ್ಟ, ಅವಳು ಬಿದ್ದದ್ದಕ್ಕೆ ಮಾಡುವ ಹಾಗೆ ಮಾಡಿಕೊಟ್ಟಳು, ಎಂಟೇ ದಿನಕ್ಕೆ ಅದೇ ಜಾಗದಲ್ಲಿ ಮುರಿಯಿತು. ಅಡಿಕೆ ಒಡೆಯುವ ಹಾಗೆ ಆ ಹಲ್ಲಿನಲ್ಲಿ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದನಂತೆ ಆಸಾಮಿ. "ಸುಳ್ಳು ಹೇಳಿದ್ರೆ ನನಗೇನೂ ಬೇಜಾರಿಲ್ಲ," ಅಂದಿದ್ದಳು, "ಹಲ್ಲು ಅದನ್ನ ನಂಬಲ್ವಲ್ಲ." ಆಗ ಅವನು ನಕ್ಕಿದ್ದ. ಈಗ ಅವಳು ಚೂರನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತಿರುಗಿಸುತ್ತಿದ್ದಳು. ಮುರಿದ ಮುಖ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಸವೆದು ಮುರಿದದ್ದು ಹಾಗೆ ಹೊಳೆಯುವುದಿಲ್ಲವೆಂದು ಗುಜರಿ ಸಾಹೇಬರಿಗೂ ಗೊತ್ತಿತ್ತು. ಅವಳು ಅವನತ್ತ ಒಮ್ಮೆ ನೋಡಿದಳು. ಒಂದು ಮಾತಿಗೆ ಬೇಕಾದಷ್ಟು ಹೊತ್ತು ನೋಡಿ, ಮತ್ತೆ ಚೂರಿನ ಕಡೆ ತಿರುಗಿದಳು. ಅವನು ಕಿಟಕಿಯ ಚಿಲಕ ಸರಿಮಾಡಿದ, ಅದು ಸರಿಯಾಗಿಯೇ ಇತ್ತು.

ಆಮೇಲೆ ಅವಳು ಕೆಲಸಕ್ಕೆ ಇಳಿದಳು. ಅವಳ ಕೆಲಸ ಶುರುವಾದರೆ ಅವನಿಗೆ ಕಣ್ಣು ಕೀಳಲು ಆಗುವುದಿಲ್ಲ, ಇಪ್ಪತ್ತು ವರ್ಷವಾದರೂ ಅದೇ ಕಥೆ. ಹೋದ ತಿಂಗಳು ಒಡೆದ ಬಕೆಟ್ಟಿಗೆ ಹಚ್ಚಿ ಉಳಿದ, ಎರಡು ಟ್ಯೂಬು ಕಲಸುವ ಅಂಟೇ ಇದಕ್ಕೂ ಸಾಕು ಅಂದಳು. ಆ ಬಕೆಟ್ಟಿನಿಂದ ಕೆತ್ತಿದ ಒಂದು ಚೂರು ಅಂಟನ್ನು ರಾತ್ರಿಯೇ ಪೆಟ್ರೋಲಿನಲ್ಲಿ ಮುಳುಗಿಸಿಟ್ಟಿದ್ದಳು. ಈಗ ಹೊರತೆಗೆದು ಉಗುರಿನಿಂದ ಗೀರಿ ನೋಡಿದಳು, ಕರಗಿರಲಿಲ್ಲ, ಮೆತ್ತಗೂ ಆಗಿರಲಿಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಅವಳು ಯಾವತ್ತೂ ಹಾಗೇ ನಂಬುವವಳಲ್ಲ. ಲೋಹವನ್ನು ಸೋಪಿನಲ್ಲಿ ತೊಳೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿದಳು. ಮುರಿದ ಚೂರನ್ನು ಅದರ ಮೋಟಿನ ಮೇಲೆ ಕೂರಿಸಿದಾಗ ಒಡಕಿನ ಗೆರೆ ಕಣ್ಣೆದುರಿಗೇ ಮಾಯವಾಯಿತು. ಕಡ್ಡಿಯನ್ನು ಎರಡೂ ಕಂಬದ ತೂತಿಗೆ ತೂರಿಸಿ, ನೇರವಿದೆಯೇ ಅಂತ ಒಂದು ಕಣ್ಣು ಮುಚ್ಚಿ ನೋಡಿ, ಕೆಂಪುಮೇಣದ ಒಂದು ಹನಿ ಬಿಟ್ಟಳು. ಮೇಣ ಹಿಡಿದುಕೊಂಡಿತು. ಅದರ ಮೇಲೆ ಎರಡೂ ಕಂಬ ಮುಳುಗುವಂತೆ ಗಾರೆ ಕಲಸಿ ಸುರಿದಳು. ಎರಡು ತುಂಡಾದ ಹಲ್ಲಿನ ಸೆಟ್ಟಿಗೂ ಹೀಗೇ ಮಾಡುತ್ತಾಳೆ: ಮೊದಲು ತುಂಡುಗಳು ಇರಬೇಕಾದ ಜಾಗವನ್ನು ಗಾರೆಗೆ ಕಲಿಸಿಬಿಡುವುದು, ಆಮೇಲೆ ಬಿಡಿಸಿ ಕೊರೆಯುವುದು, ತಂತಿ ಹಾಕುವುದು, ಅಂಟು ತುಂಬುವುದು. ಎಷ್ಟು ಕೊರೆದರೂ ಮತ್ತೆ ಆ ಅಚ್ಚಿಗೆ ಇಟ್ಟರೆ ತುಂಡು ತನ್ನ ಜಾಗಕ್ಕೇ ಬಂದು ಕೂರುತ್ತದೆ. ಇವಳ ತಲೆಯಲ್ಲಿ ಹಲ್ಲಿಗೂ ಕಾರ್ಬ್ಯುರೇಟರಿಗೂ ಗೋಡೆಯೇ ಇಲ್ಲವಲ್ಲ ಅಂತ ಅವನಿಗೆ ಹೆಮ್ಮೆಯೆನಿಸಿತು, ಬೆನ್ನಲ್ಲೇ ನಾಚಿಕೆಯೂ ಆಯಿತು. ಗಾರೆ ಬಿಗಿದ ಮೇಲೆ ಅವಳು ಅಭ್ಯಾಸದಂತೆ ಬೆನ್ನು ತಿರುಗಿಸಿ ಕೂತು ಪೆನ್ಸಿಲಿನಲ್ಲಿ ಏನೋ ಬರೆದಳು. ಅವನು ಬಗ್ಗಿ ಓದಲು ಹೋಗಲಿಲ್ಲ.

"ಮುಟ್ಟಿ ನೋಡಿ, ಬಿಸಿ ಆಯ್ತಾ?" ಅಂದಳು. ಗಾರೆ ಗಟ್ಟಿಯಾಗುವಾಗ ತನ್ನಷ್ಟಕ್ಕೆ ಕಾವೇರುತ್ತದೆ. ಅವನು ಅಂಗೈ ಇಟ್ಟ. ಸಣ್ಣ ಜ್ವರ ಬಂದ ಮಗುವಿನ ಹಣೆಯಷ್ಟು ಬಿಸಿಯಿತ್ತು. "ಆಯ್ತು," ಅಂದ.

"ಆರೋವರೆಗೂ ಬಿಡ್ಬೇಕು," ಅಂತ ಅವಳು ಚಹಾ ಮಾಡಲು ಎದ್ದಳು. ಅಮ್ಮ ಬಾಗಿಲಿಗೆ ಬಂದು ಇಣುಕಿದಳು. ಅಮ್ಮನ ಬಾಯಲ್ಲಿದ್ದದ್ದೂ ಸೊಸೆಯೇ ಕಟ್ಟಿಕೊಟ್ಟ ಹಲ್ಲು. ಅದನ್ನು ಹಾಕಿಕೊಂಡ ದಿನದಿಂದ ಅಮ್ಮ ಮಗನ ಪಕ್ಷ ಬಿಟ್ಟು ಸೊಸೆಯ ಪಕ್ಷ ಸೇರಿದ್ದಳು. "ಏನಂತೆ, ಆಗುತ್ತಂತಾ?"

"ಆಗುತ್ತಂತಮ್ಮ."

"ಆಗ್ದೆ ಏನು. ನಿನ್ನ ಕೈಗೆ ಸಿಕ್ಕಿದ್ರೆ ಗುಜರಿ, ಅವಳ ಕೈಗೆ ಸಿಕ್ಕಿದ್ರೆ ರಿಪೇರಿ. ನಿನ್ನನ್ನೂ ಅವಳು ಹಂಗೇ ಅಲ್ವೇನೋ ಇಟ್ಕೊಂಡಿರೋದು." ತನ್ನ ಮಾತಿಗೆ ತಾನೇ ನಕ್ಕು ಹೋದಳು. ಅವನಿಗೂ ನಗು ಬರಬೇಕಿತ್ತು.

ಕೋಣೆಯಲ್ಲಿ ಅವನೊಬ್ಬನೇ ಉಳಿದ. ಬಲಗಂಬದ ವಿಷಯ ಅವಳಿಗೆ ಗೊತ್ತಾಗಿದೆ, ಆ ನೋಟದಲ್ಲೇ ತಿಳಿಯಿತು. ಸುತ್ತಿಗೆಯ ಪೆಟ್ಟು ಅಂತಲೇ ಲೆಕ್ಕ ಹಾಕಿ ಅದಕ್ಕೆ ತಕ್ಕ ತಂತಿ ತೆಗೆದಿಟ್ಟಿದ್ದಾಳೆ, ಎರಡೆಳೆ, ಗಟ್ಟಿಯದು. ಹಾಗಾದರೆ ಇನ್ನು ಹೇಳುವುದೇನಿದೆ ಅಂತ ಅವನು ತನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದ, ಅಷ್ಟರಲ್ಲಿ ಆ ಮೊದಲ ಪೆಟ್ಟು ನೆನಪಾಯಿತು. ನೆನಪಾಯಿತು ಅನ್ನುವುದೂ ಸುಳ್ಳೇ. ಮರೆತಿದ್ದರೆ ತಾನೇ ನೆನಪಾಗುವುದು. ಮೊಳೆ ಜಾರಿ ಎಡಗಂಬದ ನೆತ್ತಿಗೆ ಬಡಿದಾಗ ಬೆರಳಿಗೆ ಒಂದು ಸಣ್ಣ ಕಂಪನ ಬಂದಿತ್ತು, ಒಳಗೆಲ್ಲೋ ಏನೋ ಬಿಟ್ಟುಕೊಟ್ಟ ಹಾಗೆ. ಕಂಬ ಮಾತ್ರ ನೆಟ್ಟಗೆ ನಿಂತೇ ಇತ್ತು. ನೋಡಲು ಏನೂ ಆಗಿಲ್ಲ. ಅವಳೂ ಅದನ್ನು ನೋಡಿ ಸರಿಯಿದೆ ಅಂದುಕೊಂಡು, ಅದರ ಭರವಸೆಯ ಮೇಲೇ ಇದನ್ನು ಕಟ್ಟುತ್ತಿದ್ದಾಳೆ. ಪಂಪಿನ ಕಾಗದ ಬರೆಯುವಾಗ ಎಷ್ಟು ಸಲ ಹೀಗಾಗಿಲ್ಲ, ಬೋಲ್ಟು ಬಿಗಿಯುವ ಒಂದು ಕಿವಿ ಮುರಿದದ್ದನ್ನು ಬರೆದು ಇನ್ನೊಂದು ಕಿವಿಯನ್ನು ತಿರುಗಿಯೂ ನೋಡದೆ. ಗುಜರಿಗೆ ಹೋಗುವುದಕ್ಕೆ ಯಾವ ಕಿವಿಯಾದರೇನು. ಇದು ಗುಜರಿಗೆ ಹೋಗುವುದಿಲ್ಲ, ನಾಳೆ ಬೆಳಗ್ಗೆ ರಸ್ತೆಗೆ ಹೋಗುತ್ತದೆ. ಅವಳು ಹಲ್ಲಿನ ಡಬ್ಬಿಯನ್ನು ಮುಂದಿನ ಬುಟ್ಟಿಯಲ್ಲಿಟ್ಟು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಹೊರಡುತ್ತಾಳೆ. ಮೇಲ್ಸೇತುವೆಯ ಏರಿನಲ್ಲಿ, ಬಸ್ಸುಗಳ ನಡುವೆ, ಎಡಗಂಬ ಟಿಕ್ಕೆನ್ನುತ್ತದೆ. ಬುರುಡೆ ಕಳಚುತ್ತದೆ, ಪೆಟ್ರೋಲು ಉಕ್ಕಿ ಕಾದ ಇಂಜಿನ್ನಿನ ಮೇಲೆ ಸುರಿಯುತ್ತದೆ. ಅವನ ಅಂಗೈಯಲ್ಲಿ ಗಾರೆಯ ಬಿಸಿ ಇನ್ನೂ ಇತ್ತು. ಏನೂ ಆಗದೆಯೂ ಇರಬಹುದು. ಹತ್ತೊಂಬತ್ತು ವರ್ಷ ಏನೂ ಆಗಿರಲಿಲ್ಲ.

ಅವಳು ಚಹಾದ ಲೋಟ ಅವನ ಕೈಗಿತ್ತು ಮೇಜಿಗೆ ಕೂತಳು. ಗಾರೆಯನ್ನು ಬೆರಳಗಂಟಿನಿಂದ ತಟ್ಟಿ ಕಿವಿಗೊಟ್ಟಳು. ಆರಿತ್ತು. ಎಡಗೈಯಲ್ಲಿ ಲೋಹ, ಬಲಗೈಯಲ್ಲಿ ಅಚ್ಚು ಹಿಡಿದು, ಎಳೆದು ಬಿಡಿಸಲು ಹೆಬ್ಬೆರಳುಗಳನ್ನು ಎದುರುಬದುರು ಒತ್ತಿದಳು.

"ತಡಿ."

ಹೆಬ್ಬೆರಳುಗಳು ನಿಂತವು. ಅವಳು ತಿರುಗಿ ನೋಡಲಿಲ್ಲ.

"ಎಳೀಬೇಡ. ಆ ಎಡಗಡೇದು... ಅದಕ್ಕೂ ಪೆಟ್ಟು ಬಿದ್ದಿದೆ. ಸವೆದು ಮುರಿದಿದ್ದಲ್ಲ ಅದು. ನಾನೇ ಹೊಡೆದಿದ್ದು. ಸುತ್ತಿಗೇಲಿ."

"ಎಷ್ಟು ಪೆಟ್ಟು?" ವೈದ್ಯರು ಎಷ್ಟು ದಿನದಿಂದ ಜ್ವರ ಅಂತ ಕೇಳುವ ಹಾಗೆ ಕೇಳಿದಳು.

"ಮೂರು." ಬಾಯಿ ತನ್ನಷ್ಟಕ್ಕೆ ಒಂದು ಕಡಿಮೆ ಹೇಳಿಬಿಟ್ಟಿತು. "ನಾಲ್ಕು. ಎಡಗಡೆಯಿಂದ ಎರಡು, ಬಲಗಡೆಯಿಂದ ಎರಡು. ಎಡಗಡೆ ಮೊದಲನೇದು ಜಾರಿ ಕಂಬದ ತಲೆಗೇ ಬಿತ್ತು. ಅಲ್ಲಾಡಿದ ಹಾಗಾಯ್ತು."

ಅವಳು ಅಚ್ಚನ್ನು ಹಾಗೇ ಮೆಲ್ಲಗೆ ತಟ್ಟೆಯಲ್ಲಿಟ್ಟಳು. ಆಮೇಲೆ, "ಎಳೆದಿದ್ರೆ ಅದು ಒಳಗೇ ಇನ್ನಷ್ಟು ಬಿರುಕು ಬಿಡ್ತಿತ್ತು," ಅಂದಳು. "ನಿನ್ನೇನೇ ಹೇಳಿದ್ರೆ ಒಂದು ಹೊತ್ತಿನ ಕೆಲಸ ಉಳೀತಿತ್ತು." ಅಷ್ಟೇ ಬೈಗುಳ. ಅವನ ಮುಖ ಹುಳ್ಳಗಾಯಿತು. ಅವನು ಲೋಟ ಹಿಡಿದುಕೊಂಡು ನಿಂತೇ ಇದ್ದ, ಚಹಾ ತಣ್ಣಗಾಗುತ್ತಿತ್ತು. ಅವಳು ಬಿಳಿಯ ಅಚ್ಚನ್ನು ಎಳೆಯದೆ, ಸಣ್ಣ ಗರಗಸದಿಂದ ನಡುವೆ ಕೊಯ್ದು, ಎರಡು ಹೋಳು ಮಾಡಿ ಒಂದೊಂದನ್ನೇ ಪಕ್ಕಕ್ಕೆ ಸರಿಸಿ ಬಿಡಿಸಿದಳು. ಬೆಳಗ್ಗೆಯಿಂದ ಮಾಡಿದ ಕೆಲಸ ಎರಡು ಹೋಳಾಗಿ ಮೇಜಿನ ಮೂಲೆಗೆ ಹೋಯಿತು. ಎಡಗಂಬವನ್ನು ಭೂತಗನ್ನಡಿಯಲ್ಲಿ ಎಷ್ಟು ನೋಡಿದರೂ ಏನೂ ಕಾಣಲಿಲ್ಲ. "ನಿಮ್ಮ ಪೆನ್ನು ಕೊಡಿ," ಅಂದಳು. ಅಂಗಿಯ ಜೇಬಿನಿಂದ ಕಚೇರಿಯ ಶಾಯಿಪೆನ್ನು ತೆಗೆದುಕೊಟ್ಟ. ಒಂದು ಹನಿ ಶಾಯಿಯನ್ನು ಕಂಬದ ಬುಡಕ್ಕೆ ಬಿಟ್ಟು, ನೂರು ಎಣಿಸುವಷ್ಟು ಹೊತ್ತು ಕಾದು, ಒದ್ದೆಬಟ್ಟೆಯಿಂದ ಪೂರಾ ಒರೆಸಿದಳು. ಲೋಹ ಬೆಳ್ಳಗಾಯಿತು. ಬುಡದ ಸುತ್ತ, ಮುಕ್ಕಾಲು ಸುತ್ತು, ಕೂದಲಿಗಿಂತ ತೆಳ್ಳಗೆ ಒಂದು ನೀಲಿ ಗೆರೆ ಉಳಿಯಿತು.

ಇಬ್ಬರೂ ಅದನ್ನು ನೋಡಿದರು. "ಇದು ನನಗೆ ಸಿಗ್ತಾನೇ ಇರ್ಲಿಲ್ಲ ಬಿಡಿ," ಅಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಒಬ್ಬ ಕೆಲಸಗಾರ್ತಿಗೆ ಇನ್ನೊಬ್ಬರು ಸುಳಿವು ಕೊಟ್ಟಾಗ ಇರುವ ಮರ್ಯಾದೆ ಇತ್ತು, ಅದನ್ನು ತಾನು ಹೇಗೆ ತೆಗೆದುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.

ಉಳಿದ ದಿನವೆಲ್ಲ ಮೊದಲಿನಿಂದ. ಈ ಸಲ ಅವನನ್ನೂ ಕೂರಿಸಿಕೊಂಡಳು. ಎಡಗಂಬವನ್ನು ಅವಳೇ ಚಿಮಟದಲ್ಲಿ ಹಿಡಿದು ಅಲ್ಲಾಡಿಸಿ ಪೂರ್ತಿ ಮುರಿದಾಗ ಅವನು ಕಣ್ಣು ಮುಚ್ಚಿದ. ಅರೆಮುರಿದದ್ದಕ್ಕೆ ರಿಪೇರಿ ಇಲ್ಲ, ಪೂರ್ತಿ ಮುರಿದದ್ದಕ್ಕೆ ಇದೆ ಅಂದಳು. ಮತ್ತೆ ತೊಳೆದಳು, ಶಾಯಿ ಹೋಗುವ ತನಕ. ಮತ್ತೆ ಕಡ್ಡಿ, ಮತ್ತೆ ಮೇಣ, ಮತ್ತೆ ಗಾರೆ. ಎರಡನೇ ಅಚ್ಚನ್ನು ಬಿಡಿಸಿದಾಗ ಎರಡು ಚೂರೂ ಅದರೊಳಗೆ ಅಚ್ಚುಕಟ್ಟಾಗಿ ಕೂತಿದ್ದವು. ಹಲ್ಲು ಕೊರೆಯುವ ಕೈಮೋಟರಿಗೆ ಸೂಜಿಮೊನೆಯಂಥ ಮುಳ್ಳು ಸಿಕ್ಕಿಸಿ ಮೋಟುಗಳಿಗೆ ಎರಡೆರಡು ತೂತು, ಚೂರುಗಳಿಗೆ ಎರಡೆರಡು ತೂತು ಕೊರೆದಳು. ಉಸಿರು ಹಿಡಿದು ಕೊರೆಯುತ್ತಿದ್ದಳು, ನಿಲ್ಲಿಸಿ ಉಸಿರು ಬಿಡುತ್ತಿದ್ದಳು, ಅವನೂ ಗೊತ್ತಿಲ್ಲದೆ ಅವಳ ಜೊತೆಗೇ ಉಸಿರು ಹಿಡಿದು ಬಿಡುತ್ತಿದ್ದ. ಹಲ್ಲಿನ ಸೆಟ್ಟಿನ ಕೊಂಡಿಗೆ ಹಾಕಿ ಉಳಿದಿದ್ದ ಉಕ್ಕಿನ ತಂತಿಯ ತುಂಡು ನಾಲ್ಕು. ಬೆಂಕಿಕಡ್ಡಿಯ ತುದಿಯಿಂದ ಅಂಟು. ಅವನ ಪಾಲಿಗೆ ದೀಪ ಹಿಡಿಯುವುದು ಬಂತು. "ಕೈ ನಡುಗಿಸ್ಬೇಡಿ," ಅಂದಳು. ನಡುಗಿಸಲಿಲ್ಲ. ಸಂಜೆಯ ಹೊತ್ತಿಗೆ ಎರಡೂ ಕಂಬ ಅಚ್ಚಿನೊಳಗೆ ಅಂಟಿನಲ್ಲಿ ನಿಂತಿದ್ದವು, ಬೆಳಗಿನತನಕ ಯಾರೂ ಮುಟ್ಟಬಾರದೆಂದು ಅಮ್ಮನಿಗೂ ಆಜ್ಞೆಯಾಯಿತು. ಅವಳು ಬೆನ್ನು ನೆಟ್ಟಗೆ ಮಾಡಿ ಬೆರಳು ಲಟಕ್ಕೆನಿಸಿದಳು. ಬೆರಳ ತುದಿಗಳು ಗಾರೆಯಿಂದ ಬೆಳ್ಳಗೆ ಒಣಗಿ ಬಿರುಕುಬಿಟ್ಟಿದ್ದವು. ಈ ಬೆರಳುಗಳ ಮೇಲೆ ಊರಿನ ಎಷ್ಟು ಬಾಯಿಗಳು ನಡೆಯುತ್ತಿವೆ, ತಾನು ಇವುಗಳ ಎದುರು ಇಪ್ಪತ್ತು ವರ್ಷ ಸುಮ್ಮನೆ ಪತ್ರಿಕೆ ಓದಿಕೊಂಡು ಕೂತಿದ್ದೆನಲ್ಲ ಅಂತ ಅವನಿಗೆ ಅನಿಸಿತು. "ಕೊಬ್ಬರಿ ಎಣ್ಣೆ ಕೊಡ್ಲಾ?" ಅಂದ.

ಸೋಮವಾರ ಏಳು ಗಂಟೆಗೆ ಅವಳು ಅಚ್ಚು ಬಿಡಿಸಿ, ಸೋರಿಕೆಗೆ ಕಾರಣವಾಗಿದ್ದ ಮುಳ್ಳಿನ ಸವೆದ ಮೊನೆಯನ್ನು ಉಜ್ಜಿ ನುಣುಪು ಮಾಡಿ, ಬುರುಡೆ ತೂಗುಹಾಕಿ, ಕಡ್ಡಿ ತೂರಿಸಿದಳು. ದಪ್ಪತುದಿ ಯಾವ ಕಡೆಯೆಂದು ಅವನಿಗೆ ತೋರಿಸಿಯೇ ತೂರಿಸಿದಳು. "ಊದಿ," ಅಂತ ಪೆಟ್ರೋಲು ಬರುವ ನಳಿಗೆಯನ್ನು ಅವನ ಬಾಯಿಗೆ ಹಿಡಿದಳು. ಊದಿದ, ಗಾಳಿ ಸುಯ್ಯೆಂದು ಹೋಯಿತು. ಅವಳು ಬೆರಳಿನಿಂದ ಬುರುಡೆ ಎತ್ತಿದಳು. ಗಾಳಿ ತಡೆಯಿತು, ಕೆನ್ನೆ ಉಬ್ಬಿ ಕಿವಿ ಕೆಂಪಾಗುವತನಕ ಊದಿದರೂ ಒಂದೆಳೆ ಹೋಗಲಿಲ್ಲ. ಹಿಂದೆ ನಿಂತಿದ್ದ ಅಮ್ಮ, "ಸಾಕು ಬಿಡೋ, ಒಡೆದುಗಿಡೆದು ಹೋದೀಯ," ಅಂದಳು. ಎಂಟೂಕಾಲಿಗೆ ಸ್ಕೂಟರು ಮೂರನೇ ಕಿಕ್ಕಿಗೆ ಹೊತ್ತಿಕೊಂಡು, ಒಮ್ಮೆ ಕೆಮ್ಮಿ, ಹದವಾಗಿ ಓಡಲು ಶುರುವಾಯಿತು. ಅವಳು ಹೆಡ್‌ಮಿಸ್ಸಿನ ಹಲ್ಲಿನ ಡಬ್ಬಿಯನ್ನು ಬುಟ್ಟಿಗಿಟ್ಟು ಹೊರಟಳು. ತಿರುವಿನಲ್ಲಿ ಸದ್ದು ಕರಗುವತನಕ ನಿಂತಿದ್ದು ಅವನು ಸ್ಕೂಟರು ನಿಂತಿದ್ದ ಜಾಗದ ನೆಲವನ್ನು ಬೆರಳಿನಿಂದ ಸವರಿ ಮೂಸಿ ನೋಡಿದ. ನೆಲ ಒಣಗಿತ್ತು.

ಕಚೇರಿಗೆ ಇನ್ನೂ ಹೊತ್ತಿತ್ತು. ಮೇಜಾದರೂ ಚೊಕ್ಕ ಮಾಡೋಣವೆಂದು ಕೋಣೆಗೆ ಹೋದ. ಗಾರೆಯ ಪುಡಿ ಗುಡಿಸಿ ಬುಟ್ಟಿಗೆ ಹಾಕಿದ, ಮೇಣದ ಚೂರುಗಳನ್ನು ಅವಳು ಮತ್ತೆ ಬಳಸುತ್ತಾಳೆಂದು ಡಬ್ಬಿಗೆ ತುಂಬಿದ. ಮೂಲೆಯಲ್ಲಿ ಮೊದಲ ಅಚ್ಚಿನ ಎರಡು ಹೋಳು ಬಿದ್ದಿದ್ದವು, ತಾನು ಹಾಳುಮಾಡಿದ ಆ ಬೆಳಗಿನ ಕೆಲಸ. ಬುಟ್ಟಿಗೆ ಎಸೆಯಲೆಂದು ಎತ್ತಿಕೊಂಡಾಗ ಪೆನ್ಸಿಲಿನ ಗೆರೆ ಕಂಡಿತು. ಗರಗಸ ಅಕ್ಷರಗಳ ನಡುವೆಯೇ ಹಾದುಹೋಗಿತ್ತು. ಅವನು ಕಿಟಕಿಯ ಬೆಳಕಿಗೆ ಹೋಗಿ ಎರಡು ಹೋಳನ್ನೂ ಸೇರಿಸಿ ಹಿಡಿದ. ಇರುವೆಸಾಲಿನಂಥ ಅಕ್ಷರದಲ್ಲಿ ಮೂರು ಸಾಲು ಬರೆದಿತ್ತು. ಭಾನುವಾರ, ಬೆಳಗ್ಗೆ ಒಂಬತ್ತು. ನಮ್ಮ ಸ್ಕೂಟರಿನದು. ಮುರಿದ ಕಾರಣ: ಅವರೇ ಹೇಳ್ತಾರೆ.